ಹೇನಿನ ಹೊಟ್ಟೆಯಿಂದ ಕಬ್ಬಿನ ಸುಳಿಯವರೆಗೆ

ಮಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ಗಾಳಿಗೆ ಸಿಕ್ಕರೂ ಮುಗಿಯಿತು. ಕುಡುಗೋಲಿನ ಅಲಗಿಗೆ ರಸದ ಜೊತೆ ಮೆತ್ತಿಕೊಂಡು ಪಕ್ಕದ ಗಿಡಕ್ಕೆ ದಾಟೋಣವೆಂದರೆ ಅಲ್ಲೂ ದಾರಿ ಬಂದ್. ಕಬ್ಬಿನ ಹಳದಿ ಎಲೆ ರೋಗದ ವೈರಸ್ಸಿಗೆ ಗಿಡದಿಂದ ಗಿಡಕ್ಕೆ ಹೋಗಲು ಇರುವುದು ಎರಡೇ ಸವಾರಿ: ಒಂದು ಗಿಡಹೇನು, ಇನ್ನೊಂದು ರೈತ ತಾನೇ ಕಡಿದು ನೆಡುವ ಬಿತ್ತನೆ ತುಂಡು.

ಹೊಸೂರಿನ ಹತ್ತಿರ, ದಕ್ಷಿಣ ಪಿನಾಕಿನಿಯ ದಡದಲ್ಲಿದೆ ತೊರಪಲ್ಲಿ ಅಗ್ರಹಾರ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಗಡಿಸೀಮೆ. ಇಲ್ಲಿ ಹೊಳೆಯ ಮಗ್ಗುಲಿಗೆ ಒಂದು ಕಬ್ಬಿನ ಗದ್ದೆ ಇದೆ ಎಂದುಕೊಳ್ಳಿ. ಆರು ತಿಂಗಳು ತುಂಬಿದ ಪೈರು, ಆಳುದ್ದ ಎದ್ದು ನಿಂತಿದೆ. ಒಂದು ಗರಿಯ ಅಡಿಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ಗಿಡಹೇನು ಮೂತಿ ಊರಿ ಕೂತಿದೆ. ಆ ಮೂತಿಯ ಸೂಜಿ ಜೀವಕೋಶಗಳ ಸಂದಿನಲ್ಲಿ ನುಸುಳಿ, ಸಕ್ಕರೆ ಸಾಗುವ ನಾಳವನ್ನು ಹುಡುಕಿ ಚುಚ್ಚುತ್ತದೆ. ಸಿಹಿರಸ ಮೇಲೇರುತ್ತದೆ. ರಸದ ಜೊತೆ ವೈರಸ್ಸೂ ಏರುತ್ತದೆ.

ಈಗ ಶುರು ನಿಜವಾದ ಗಂಡಾಂತರ. ಹೇನಿನ ಕರುಳಿನಲ್ಲೇ ಉಳಿದರೆ ಮಲದ ಜೊತೆ ಹೊರಬಿದ್ದು ನಾಶ. ಕರುಳಿನ ಗೋಡೆ ದಾಟಬೇಕು, ಒಡಲ ದ್ರವದಲ್ಲಿ ತೇಲಬೇಕು, ಜೊಲ್ಲಿನ ಗ್ರಂಥಿಯ ಬಾಗಿಲು ತೆರೆಸಿಕೊಳ್ಳಬೇಕು. ವೈರಸ್ಸಿನ ಹೊರಕವಚದ ಪ್ರೋಟೀನೇ ಬೀಗದ ಕೈ. ಆ ಕೈ ಸ್ವಲ್ಪ ಸೊಟ್ಟಗಿದ್ದರೂ ಪ್ರಯಾಣ ಅಲ್ಲಿಗೇ ನಿಂತಿತು. ಹೇನಿನೊಳಗೆ ಅದು ಒಂದು ಪ್ರತಿಯನ್ನೂ ಹೆರುವುದಿಲ್ಲ, ಬರೀ ಪ್ರಯಾಣಿಕ. ಆದರೆ ಒಮ್ಮೆ ಜೊಲ್ಲಿಗೆ ಇಳಿಯಿತೋ, ಹೇನು ಮುಂದೆ ಕೂರುವ ಪ್ರತಿ ಗಿಡವೂ ಅಪಾಯದಲ್ಲಿ.

ಹೊಸ ಗಿಡ. ಒಂದು ಚುಚ್ಚು. ವೈರಸ್ ಒಳಗೆ! ಕವಚ ಕಳಚುತ್ತದೆ, ಉಳಿಯುವುದು ಸುಮಾರು 5,900 ಅಕ್ಷರಗಳ ಒಂದೆಳೆ ಆರ್‌ಎನ್‌ಎ. ಕಬ್ಬು ಸುಮ್ಮನೆ ಕೂರುವುದಿಲ್ಲ. ಬೇಡದ ಆರ್‌ಎನ್‌ಎಯನ್ನು ಗುರುತಿಸಿ ತುಂಡು ತುಂಡಾಗಿ ಕತ್ತರಿಸುವ ಪಡೆ ಅದರ ಕೋಶಗಳಲ್ಲಿದೆ. ವೈರಸ್ ಬರುವಾಗಲೇ ಉಪಾಯ ಹೂಡಿಕೊಂಡು ಬಂದಿದೆ. ಅದರ ಮೊದಲ ಜೀನ್ ಕೊಡುವ ‘ಪಿ-ಸೊನ್ನೆ’ ಎಂಬ ಪ್ರೋಟೀನು ಆ ಕತ್ತರಿಯ ಕೈ ಕಟ್ಟುತ್ತದೆ. ಆ ಬಿಡುವಿನಲ್ಲೇ ನಕಲು ಶುರು. ಒಂದು ನೂರಾಗಿ, ನೂರು ಸಾವಿರವಾಗಿ...

ನಕಲು ಮಾಡುವ ಯಂತ್ರಕ್ಕೆ ತಿದ್ದುವ ಅಭ್ಯಾಸವಿಲ್ಲ. ಅಕ್ಷರ ತಪ್ಪುತ್ತದೆ, ತಪ್ಪಿದ್ದು ಹಾಗೇ ಮುಂದಕ್ಕೆ ಹೋಗುತ್ತದೆ. ಬಹುತೇಕ ತಪ್ಪುಗಳು ವೈರಸ್ಸಿಗೇ ಮುಳುವು. ಎಲ್ಲೋ ಒಂದು ಮಾತ್ರ ಹೊಸ ತಳಿಯ ಕಬ್ಬಿನಲ್ಲಿ ನೆಲೆಯೂರುವ ಬಲ ಕೊಡುತ್ತದೆ. ಈ ವೈರಸ್ಸಿನ ವಂಶದಲ್ಲಿ ಇದಕ್ಕಿಂತ ದೊಡ್ಡ ಜಿಗಿತವೂ ನಡೆದಿದೆ. ಬೇರೆ ಬೇರೆ ವೈರಸ್ಸುಗಳು ಒಂದೇ ಕೋಶದಲ್ಲಿ ಎದುರಾದಾಗ, ನಕಲು ಯಂತ್ರ ಅರ್ಧದಲ್ಲಿ ಒಂದು ಎಳೆಯಿಂದ ಇನ್ನೊಂದಕ್ಕೆ ಹಾರಿಬಿಡಬಹುದು. ಇದರ ಜೀನೋಮಿನಲ್ಲಿ ನಕಲು ಯಂತ್ರದ ಭಾಗ ಆಲೂಗಡ್ಡೆಯ ಎಲೆಸುರುಳಿ ವೈರಸ್ಸಿನ ಬಳಗಕ್ಕೆ ಹತ್ತಿರ, ಕವಚದ ಭಾಗ ಬಾರ್ಲಿಯ ಹಳದಿ ಕುಬ್ಜ ವೈರಸ್ಸಿನ ಬಳಗಕ್ಕೆ ಹತ್ತಿರ ಎಂದು 2000ದಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಕಬ್ಬಿಗೆ ಗಂಟುಬಿದ್ದಿರುವುದು ಮಿಶ್ರ ಸಂತಾನ.

ಈ ಸಂತಾನ ಸಮುದ್ರಗಳಾಚೆಯೂ ಕಾಣಿಸಿಕೊಂಡಿತು. 1980ರ ದಶಕದ ಕೊನೆಗೆ ಹವಾಯಿ ದ್ವೀಪದ ಹಮಾಕುವಾದಲ್ಲಿ ಎಲೆ ಹಳದಿಯಾಯಿತು. 1990ರ ದಶಕದಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಒಂದು ಜನಪ್ರಿಯ ತಳಿಯ ಇಳುವರಿಯೇ ಕುಸಿಯಿತು. ಆ ದಶಕ ಮುಗಿಯುವಷ್ಟರಲ್ಲಿ ಭಾರತದಿಂದಲೂ ರೋಗದ ವರದಿ ಬಂತು. ಮೊದಲು ನಡುದಿಂಡಿನ ಅಡಿಭಾಗ ಹಳದಿ. ಆಮೇಲೆ ಹಳದಿ ಗರಿಗೆ ಹಬ್ಬಿ, ತುದಿಯಿಂದ ಒಣಗಲು ಶುರು. ಗೆಣ್ಣುಗಳ ನಡುವಿನ ಅಂತರ ಕಿರಿದಾಗಿ, ತುದಿಯ ಗರಿಗಳೆಲ್ಲ ಗೊಂಚಲು ಕಟ್ಟುತ್ತವೆ. ಇದೆಲ್ಲ ಕಣ್ಣಿಗೆ ಬೀಳುವ ಹೊತ್ತಿಗೆ ಆರೆಂಟು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಕಳ್ಳ ಮನೆಯೊಡೆಯನಾಗಿರುತ್ತಾನೆ.

ಬೆನ್ನಟ್ಟಿದವರು ಕೊಯಮತ್ತೂರಿನವರು. 1912ರಲ್ಲಿ ಶುರುವಾದ ಅಲ್ಲಿನ ಕಬ್ಬು ತಳಿ ಸಂಸ್ಥೆಯ ಆರ್. ವಿಶ್ವನಾಥನ್ ಮತ್ತು ಸಂಗಡಿಗರು ರೋಗ ಹಿಡಿದ ಗರಿಗಳಿಂದ ವೈರಸ್ಸಿನ ಜೀನುಗಳನ್ನು ತೆಗೆದು ಅಕ್ಷರ ಅಕ್ಷರ ಓದಿದರು. ಹಗೆ ಒಬ್ಬನಲ್ಲ! ಭಾರತದ ಕಬ್ಬಿನಲ್ಲಿ ಮೂರು ಬಗೆಗಳಿವೆ ಎಂದು 2008ರಲ್ಲಿ ಅವರು ಪ್ರಕಟಿಸಿದರು: ಕ್ಯೂಬಾ ಬಗೆ, ಬ್ರೆಜಿಲ್–ಪೆರು ಬಗೆ, ಮತ್ತು ಅದುವರೆಗೆ ಯಾರೂ ಗುರುತಿಸದಿದ್ದ ಭಾರತದ್ದೇ ಬಗೆ. ಅದಕ್ಕೂ ಒಂದು ವರ್ಷ ಮುಂಚೆ ಪ್ರಕಟವಾಗಿದ್ದ ಫ್ರೆಂಚ್ ತಂಡದ ಪ್ರಯೋಗಗಳು ಎಚ್ಚರಿಕೆ ಕೊಟ್ಟಿದ್ದವು. ಎಲ್ಲ ಬಗೆಗಳ ಸೋಂಕಿಸುವ ತಾಕತ್ತು ಒಂದೇ ಅಲ್ಲ. ಒಂದನ್ನು ತಡೆದ ಕಬ್ಬು ಇನ್ನೊಂದಕ್ಕೆ ಸೋಲಬಹುದು. ಅಕ್ಷರಗಳು ಹೆಚ್ಚು ಬದಲಾದರೆ ರೋಗ ಪತ್ತೆಯ ಪರೀಕ್ಷೆಯೂ ಕೈಕೊಡಬಹುದು.

ಹಾಗಾದರೆ ಕಬ್ಬನ್ನು ಉಳಿಸುವುದು ಹೇಗೆ? ಕುಬ್ಜ ಕೂಳೆ ರೋಗಕ್ಕೆ ಬಳಸುವ 50 ಡಿಗ್ರಿ ಬಿಸಿನೀರಿನಲ್ಲಿ ತುಂಡು ಮುಳುಗಿಸಿದರೂ ಈ ವೈರಸ್ ಜಗ್ಗದು. ಒಂದೇ ಒಂದು ಜಾಗ ಬಾಕಿ: ಸುಳಿಯ ತುತ್ತತುದಿ. ಅಲ್ಲಿ ಕೋಶಗಳು ಎಡೆಬಿಡದೆ ಒಡೆದು ಬೆಳೆಯುತ್ತಿರುತ್ತವೆ, ನಾಳಗಳು ಇನ್ನೂ ಮೂಡಿರುವುದಿಲ್ಲ. ನಾಳವಿಲ್ಲದೆ ವೈರಸ್ಸಿಗೆ ಹೆಜ್ಜೆ ಇಡಲಾಗದು. ಅದು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದೆ, ಸುಳಿ ಮುಂದೆ ಮುಂದೆ ಓಡುತ್ತಿದೆ. ಆ ಅಂತರದಲ್ಲೇ ಕೈ ಹಾಕಬೇಕು. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಎಳೆಗರಿಗಳನ್ನು ಒಂದೊಂದಾಗಿ ಸುಲಿಯುತ್ತಾರೆ. ಕೊನೆಗೆ ಉಳಿಯುವುದು ಹೊಳೆಯುವ ಸಣ್ಣ ಗುಮ್ಮಟ, ಮಿಲಿಮೀಟರ್ ಲೆಕ್ಕದ್ದು. ಸ್ವಲ್ಪ ದಪ್ಪ ಕತ್ತರಿಸಿದರೆ ವೈರಸ್ಸೂ ಜೊತೆಗೆ ಬಂತು. ತೀರಾ ತೆಳುವಾದರೆ ಸುಳಿಯೇ ಸತ್ತಿತು. ಗೆದ್ದ ತುಣುಕನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿ, ಪರೀಕ್ಷಿಸಿ, ಸಸಿ ಮಾಡುತ್ತಾರೆ. ತಮಿಳುನಾಡು, ಕರ್ನಾಟಕಗಳಲ್ಲಿ ಹಬ್ಬಿರುವ ಕೋ 86032ರಂಥ ತಳಿಗಳಿಗೂ ಈ ರೋಗ ತಗುಲಿದಾಗ ಕೈಹಿಡಿದ ದಾರಿ ಇದು.

ಗೆಲುವು ಅಲ್ಲಿಗೆ ಖಾಯಂ ಆಗಲಿಲ್ಲ. ಶುದ್ಧ ಸಸಿ ಪಿನಾಕಿನಿಯ ದಡಕ್ಕೆ ಬಂದು ನೆಲೆನಿಂತ ಮೇಲೆ ರೆಕ್ಕೆ ಬಂದ ಹೇನು ಅದರ ಮೇಲೂ ಇಳಿಯಬಹುದು. ಆದರೆ ಹೇನು ಒಂದೊಂದು ಚುಚ್ಚಿನಲ್ಲಿ ಗಿಡದಿಂದ ಗಿಡಕ್ಕೆ ಹೋಗಬೇಕು. ರೋಗದ ಬಿತ್ತನೆ ಕಬ್ಬು ಎತ್ತಿನ ಗಾಡಿ, ಟ್ರ್ಯಾಕ್ಟರ್ ಏರಿ ಒಂದೇ ದಿನದಲ್ಲಿ ಇಡೀ ಗದ್ದೆಯನ್ನು ಗೆದ್ದುಬಿಡುತ್ತದೆ. ಹಗೆಯ ದೊಡ್ಡ ಸವಾರಿ ನಮ್ಮ ಕೈಯಲ್ಲೇ ಇದೆ. ಕಡಿಯುವ ಮುಂಚೆ ಗರಿ ತಿರುಗಿಸಿ ನಡುದಿಂಡು ನೋಡಿ. ಹಳದಿ ಕಂಡ ಕಬ್ಬು ಗಾಣಕ್ಕೆ ಹೋಗಲಿ, ಬಿತ್ತನೆಗೆ ಬೇಡ. ಹಸಿರಾಗಿ ಕಂಡದ್ದೂ ವೈರಸ್ಸನ್ನು ಹೊತ್ತಿರಬಹುದು. ಆದ್ದರಿಂದ ಆಗಾಗ ಪರೀಕ್ಷಿಸಿದ ನರ್ಸರಿಯ ಸಸಿಯಿಂದಲೇ ಬಿತ್ತನೆ ಹೊಸದು ಮಾಡಿ.