ಎತ್ತಿಟ್ಟ ಗಳಿಗೆ

ಸಂಸಾರಭಾರವನ್ನು ಹೊತ್ತ ಗೃಹಸ್ಥನಿಗೆ ದೇವರ ಧ್ಯಾನಕ್ಕೆ ಹೊತ್ತೆಲ್ಲಿಯದು? ಈ ಪ್ರಶ್ನೆಗೆ ಶ್ರವಣಬೆಳಗೊಳವು ಎಂದೋ ಉತ್ತರವಿತ್ತಿದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಯತಿಯಲ್ಲ, ಗಂಗರ ಮಂತ್ರಿ ಮತ್ತು ದಂಡನಾಯಕ. ಕತ್ತಿ ಹಿಡಿದ ಕೈಯೇ 978ರಲ್ಲಿ ತೀರ್ಥಂಕರರ ಪುರಾಣವನ್ನೂ ಬರೆಯಿತು. ಜೈನ ಶ್ರಾವಕನ ಸಾಮಾಯಿಕಕ್ಕೆ ರೂಢಿಯ ಅವಧಿ ಎರಡು ಗಳಿಗೆ, ಅಂದರೆ 48 ನಿಮಿಷ. ಅಷ್ಟು ಹೊತ್ತು ಗೃಹಸ್ಥನೂ ಮುನಿಗೆ ಸಮಾನನೆಂದು ಪ್ರಾಚೀನರು ಬಗೆದರು.

ಇದೇ ಹಾಸನ ಸೀಮೆಯ ಕ್ರೈಸ್ತ ಒಕ್ಕಲುಗಳಿಗೂ ಕ್ಯಾಥೊಲಿಕ ಸಂಪ್ರದಾಯವು ಇಂತಹುದೇ ನಿಯಮವನ್ನು ತಂದಿತು. ಪ್ರಾತಃಕಾಲ, ಮಧ್ಯಾಹ್ನ, ಸಾಯಂಕಾಲಗಳಲ್ಲಿ ಇಗರ್ಜಿಯ ಗಂಟೆ ಮೊಳಗಿದಾಗ ಕೈಗೆಲಸವನ್ನು ನಿಲ್ಲಿಸಿ, ದೇವದೂತನು ಮರಿಯಮ್ಮನವರಿಗೆ ತಂದ ಶುಭವಾರ್ತೆಯನ್ನು ಸ್ಮರಿಸಬೇಕು. ಅದು ಕೆಲವೇ ನಿಮಿಷಗಳ ಜಪ, ನೇಗಿಲು ಕಾಯುತ್ತದೆ.

ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಇಗರ್ಜಿಯು ಇಂದು ಪಾಳುಗೋಡೆಯಾಗಿ ಹೇಮಾವತಿ ಜಲಾಶಯದ ಅಂಚಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಅಣೆಕಟ್ಟಿನಿಂದಾಗಿ ಅಲ್ಲಿಯ ಜನರು ಊರು ಬಿಟ್ಟು ಬೇರೆಡೆ ನೆಲಸಬೇಕಾಯಿತು. ಕರೆಯುವ ಗಂಟೆಯಿಲ್ಲದ ಕಡೆ ಹೊತ್ತನ್ನು ನೆನಪಿಸುವವರಾರು? ಆ ಹೊಣೆ ಆಗ ಮನಸ್ಸಿನದೇ ಆಗುತ್ತದೆ. ಪೇಟೆಯಲ್ಲಿ ಉದ್ಯೋಗಕ್ಕೆ ಓಡುವವನ ಪಾಡೂ ಇದೇ.

ಬಿಡುವಾದರೆ ಪ್ರಾರ್ಥಿಸುವೆನೆಂಬವನಿಗೆ ಬಿಡುವು ಎಂದಿಗೂ ಆಗದು. ಬಿತ್ತನೆಯ ಬೀಜವನ್ನು ರೈತನು ಉಂಡುಳಿದ ಕಾಳಿನಿಂದ ಆರಿಸುವುದಿಲ್ಲ. ಉಣ್ಣುವುದಕ್ಕೆ ಮುಂಚೆಯೇ ಎತ್ತಿಡುತ್ತಾನೆ.