ನನ್ನ ಮೋಟಾರಿನ ಗಾಲಿಗಳು

ನನ್ನ ಮೋಟಾರು ಗಾಡಿಯ ಗಾಲಿಗಳ ವಿಷಯದಲ್ಲಿ ಕೊಲ್ಹಾರದ ಇಷ್ಟೊಂದು ಜನರಿಗೆ ಆಸ್ಥೆಯಿರುವುದೆಂದು ಕಳೆದ ವರ್ಷದವರೆಗೆ ನಾನು ಅರಿತಿರಲಿಲ್ಲ. ಗಾಡಿಯಾದರೂ ಎಂಥದು? ನಿವೃತ್ತಿಯ ಹಣದಲ್ಲಿ ಕೊಂಡ ಹಳೆಯ ಮಾರುತಿ ೮೦೦. ೧೯೮೩ರಲ್ಲಿ ಹೊರಬಂದು ೨೦೧೪ರಲ್ಲಿ ತಯಾರಿಕೆ ನಿಂತುಹೋದ ಜಾತಿಯದು. ಅದರ ಉಕ್ಕಿನ ಗಾಲಿಗಳ ಅಂಚು ತುಕ್ಕು ತಿಂದು ಗಾಳಿ ಸೋರತೊಡಗಿದುದರಿಂದ ಹೊಸವು ಬೇಕಾದುವು. ವಿಜಯಪುರದ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಮ್ ಮಿಶ್ರಲೋಹದ, ಹೊನ್ನಬಣ್ಣದ ಗಾಲಿಗಳನ್ನು ಕಂಡೆನು. ಅರಗಳನ್ನೆಣಿಸಿದೆನು, ಹನ್ನೆರಡು. ಮನಸ್ಸು ಅಲ್ಲಿಯೇ ನಿಂತಿತು.

ಹಳೆಯ ಕೊಲ್ಹಾರದಲ್ಲಿದ್ದ ನಮ್ಮ ಮನೆಯ ಬಂಡಿಯ ಗಾಲಿಗೂ ಹನ್ನೆರಡೇ ಅರಗಳಿದ್ದುವು. ಬಡಿಗನು ಜಾಲಿಯ ಕಟ್ಟಿಗೆಯಿಂದ ಅವನ್ನು ಕೆತ್ತಿ ಗುಂಬಕ್ಕೆ ನಾಟಿಸುವುದನ್ನು ಬಾಲ್ಯದಲ್ಲಿ ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದೇನೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಕಿರಿದಾಗಿ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದೊಡನೆ ಗಾಲಿಗೆ ತೊಡಿಸಿ ನೀರು ಸುರಿಯುವರು. ಹಳಿಯು ಕುಗ್ಗುವಾಗ ಅರಗಳೆಲ್ಲ ಒಂದೇ ಸಲ ಕಿರುಗುಟ್ಟಿ ಬಿಗಿದುಕೊಳ್ಳುವುವು. ಮುಂದೆ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡುವಾಗ ನೇಮಿ, ನಾಭಿ, ಅಣಿ ಎಂಬ ಶಬ್ದಗಳು ಬಂದರೆ ಉಳಿದವರು ಅರ್ಥ ಕೇಳುತ್ತಿದ್ದರು. ನನಗೆ ಆ ಬಡಿಗನ ಅಂಗಳವೇ ಕಣ್ಣಮುಂದೆ ನಿಲ್ಲುತ್ತಿತ್ತು. ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಮೇಲೆದ್ದ ಬಳಿಕ ಆ ಅಂಗಳವು ಕೃಷ್ಣೆಯ ಹಿನ್ನೀರಿನ ಪಾಲಾಯಿತು. ಊರು ಎತ್ತರದ ನೆಲಕ್ಕೆ ಸರಿಯಿತು.

ಇರಲಿ. ಗಾಲಿಗಳ ಸುದ್ದಿ ಹರಡಲು ಎರಡು ದಿನಗಳೂ ಬೇಕಾಗಲಿಲ್ಲ. "ಅರವತ್ತು ದಾಟಿದವರಿಗೆ ಹೊನ್ನಿನ ಗಾಲಿಯೆ?" ಎಂದು ನೆರೆಯವರು ಕೇಳಿದರು. ಮೊಸರಿನ ಗಡಿಗೆ ಹೊತ್ತ ಹೆಣ್ಣುಮಕ್ಕಳು, "ಮಾಸ್ತರರ ಬಂಡಿಗಿ ಗೆಜ್ಜಿ ಕಟ್ಟಸ್ತಾರಂತ" ಎಂದು ನಕ್ಕರು. ಪುಣೆಯಲ್ಲಿರುವ ಮಗನು, ಹಾಕಿಸುವುದಾದರೆ ಒಂದಿಂಚು ದೊಡ್ಡವನ್ನೇ ಹಾಕಿಸಿರೆಂದು ದೂರವಾಣಿಯಲ್ಲಿ ಉಪದೇಶಿಸಿದನು. ಮನೆಯವಳು ಬೆಲೆಯನ್ನು ಕೇಳಿ ಸುಮ್ಮನೆ ಒಲೆಯ ಕಡೆಗೆ ತಿರುಗಿದಳು. ಆ ಮೌನವೊಂದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಯಂತ್ರ ರಿಪೇರಿಯ ಹುಡುಗನ ಮಾತುಗಳು ಮಾತ್ರ ಬೇರೆ ತರದವು. ಈ ಗಾಡಿಯದು ೧೨ ಇಂಚಿನ ಗಾಲಿ. ಒಂದಿಂಚು, ಎಂದರೆ ೨೫.೪ ಮಿಲಿಮೀಟರು, ಹೆಚ್ಚಿಸಿದರೆ ಟಾಯರಿನ ಗೋಡೆಯನ್ನು ೧೨.೭ರಷ್ಟು ತಗ್ಗಿಸಬೇಕು, ಇಲ್ಲವಾದರೆ ವೇಗಮಾಪಕವು ಸುಳ್ಳು ಹೇಳುವುದು. ಟಾಯರಿನ ಮೇಲೆ ೧೪೫/೭೦ ಎಂದಿದ್ದರೆ ಅಗಲ ೧೪೫, ಗೋಡೆ ಅದರ ನೂರಕ್ಕೆ ೭೦ ಭಾಗ, ಎಂದರೆ ೧೦೧.೫ ಮಿಲಿಮೀಟರು. ಗೋಡೆ ತಗ್ಗಿದಷ್ಟೂ ತಗ್ಗುದಿಣ್ಣೆಯ ಪೆಟ್ಟು ನೇರವಾಗಿ ಲೋಹಕ್ಕೆ. ಉಕ್ಕಾದರೆ ಬಾಗುವುದು, ಬಡಿದು ನೆಟ್ಟಗೆ ಮಾಡಬಹುದು. ಈ ಮಿಶ್ರಲೋಹವು ಸೀಳುವ ಸಂಭವವೇ ಹೆಚ್ಚು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದಿನಗಳಲ್ಲಿ ನಮ್ಮ ದಾರಿಗಳ ಸ್ಥಿತಿಯನ್ನು ವಾಚಕರಿಗೆ ವರ್ಣಿಸಬೇಕಾಗಿಲ್ಲ.

ಲೆಕ್ಕವನ್ನು ಎರಡು ಸಾರಿ ಮಾಡಿ ನೋಡಿ ಹುಡುಗನ ಮಾತಿಗೆ ತಲೆಬಾಗಿದೆನು. ೧೨ ಇಂಚಿಗೇ ನಿಂತೆನು. ನಾಲ್ಕು ಬೋಲ್ಟಿನ ತೂತುಗಳೂ ನಡುವಣ ರಂಧ್ರವೂ ಸರಿಹೊಂದುವುದನ್ನು ಎದುರಿಗೆ ನಿಂತು ಪರೀಕ್ಷಿಸಿದೆನು. ಹಳೆಯವುಗಳಲ್ಲಿ ವಾಸಿಯಾದ ಒಂದನ್ನು ಆಪತ್ಕಾಲಕ್ಕೆಂದು ಉಳಿಸಿಕೊಂಡೆನು. ಭಾರ, ದಾರಿ, ಅಳತೆಗಳ ಬಗೆಗೆ ಬಲ್ಲವನು ಹೇಳಿದರೆ ಕೇಳುವುದರಲ್ಲಿ ಅವಮಾನವೇನು? ಆದರೆ ವಯಸ್ಸಿಗೆ ಒಪ್ಪುವ ಬಣ್ಣ ಯಾವುದೆಂಬುದನ್ನು ಯಾವ ಅಳತೆಗೋಲಿನಿಂದ ಅಳೆಯುವರೋ ನಾನರಿಯೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು, ಮಾಸ್ತರನಾದವನು ಹೇಗೆ ಕಾಣಬೇಕೆಂದು ಊರು ಬಯಸಿತೋ ಹಾಗೆಯೇ ಕಂಡಿದ್ದೇನೆ: ಬಿಳಿಯ ಧೋತರ, ಕರಿಯ ಕೊಡೆ, ಕೆಳಗಿನ ದನಿ. ಹೊನ್ನಬಣ್ಣದವನ್ನೇ ಹಾಕಿಸಿದೆನು.

ಮೊದಲ ದಿನ ಕೃಷ್ಣೆಯ ಸೇತುವೆಯ ಮೇಲೆ ಹೋಗಿಬಂದೆನು. ನಡೆಸುವವನಿಗೆ ತನ್ನ ಗಾಲಿಗಳು ಕಾಣುವುದಿಲ್ಲವೆಂಬ ಸಂಗತಿ ಆಗಲೇ ಹೊಳೆದದ್ದು! ಆದಕಾರಣ ಈಚೆ ಬಂದು ಗಾಡಿ ನಿಲ್ಲಿಸಿ, ಕೆಳಗಿಳಿದು, ಬಹಳ ಹೊತ್ತು ನೋಡಿದೆನು.

ತಿಂಗಳೊಳಗೆ ಕಬ್ಬಿನ ದಾರಿಯ ಕುಣಿಯೊಂದರಲ್ಲಿ ಎಡಗಡೆಯ ಮುಂದಿನ ಗಾಲಿಯ ಅಂಚು ಚಕ್ಕೆಯೆದ್ದಿತು. ಹುಡುಗನು "ಹೇಳಿದ್ದೆನಲ್ಲ" ಎನ್ನಲಿಲ್ಲ. ಅಂದಿದ್ದರೆ ನ್ಯಾಯವೇ ಆಗುತ್ತಿತ್ತು. ಸೀಳು ಇಲ್ಲವೆಂದು ಪರೀಕ್ಷಿಸಿ, ಉಜ್ಜಿ, ಬಣ್ಣ ಬಳಿದನು. ಅದೇ ಹೊನ್ನಬಣ್ಣವು ದೊರೆಯದೆ, ಆ ಗಾಲಿಯು ಈಗ ಉಳಿದ ಮೂರಕ್ಕಿಂತ ತುಸು ಅರಿಸಿನವಾಗಿದೆ. ನೆರೆಯವರು ಅದನ್ನು ಆಗಲೇ ಗಮನಿಸಿದ್ದಾರೆ. ಮೊಸರಿನವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.