ಯೋಜನಾ ಕಚೇರಿಯ ಕರ್ತವ್ಯ

ಸಂಸ್ಕೃತದ 'ಯುಜ್' ಧಾತುವಿನಿಂದ ಬಂದ 'ಯೋಜನೆ' ಎಂಬ ಪದಕ್ಕೆ ಕೂಡಿಸುವುದು, ಹೊಂದಿಸುವುದು ಎಂದರ್ಥ. ಅದೇ ಧಾತುವಿನ 'ಯೋಜನ'ವಾದರೋ ದೂರದ ಅಳತೆ. ನಮ್ಮ ರಾಜ್ಯದ ಯೋಜನಾ ಕಚೇರಿಯು ಬಹುಕಾಲ ಎರಡನೆಯ ಅರ್ಥಕ್ಕೇ ಸಮೀಪವಾಗಿತ್ತೆಂದರೆ ತಪ್ಪಾಗಲಾರದು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಕರಡು ಯೋಜನೆಯನ್ನು ಸಿದ್ಧಪಡಿಸಿ ದೆಹಲಿಯ ಯೋಜನಾ ಆಯೋಗದ ಮುಂದಿಡುವುದೇ ಅದರ ಮುಖ್ಯ ಕಾರ್ಯವಾಗಿತ್ತು.

2002ರಲ್ಲಿ ವರದಿಯನ್ನೊಪ್ಪಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಈ ದೂರವನ್ನು ಅಳೆದು ತೋರಿಸಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗವೊಂದಕ್ಕೇ ಸೇರಿದ್ದವು. ಅಷ್ಟು ಯೋಜನೆಗಳು ಮುಗಿದ ಮೇಲೆಯೂ ಉಳಿದ ಲೆಕ್ಕವಿದು.

2015ರಲ್ಲಿ ಯೋಜನಾ ಆಯೋಗದ ಸ್ಥಾನಕ್ಕೆ ನೀತಿ ಆಯೋಗವು ಬಂದಿತು. 2017ರಲ್ಲಿ ಹನ್ನೆರಡನೆಯ ಪಂಚವಾರ್ಷಿಕ ಯೋಜನೆ ಮುಗಿದು, ಯೋಜನಾ ವೆಚ್ಚ, ಯೋಜನೇತರ ವೆಚ್ಚಗಳೆಂಬ ಭೇದವೂ ಅಳಿಯಿತು. ಹಳೆಯ ಕರ್ತವ್ಯ ಕಳಚಿದ ಬಳಿಕ ಕಚೇರಿಗೆ ಉಳಿದುದೇನು?

ಎರಡು ಕರ್ತವ್ಯಗಳು ಉಳಿದಿವೆ. ಮೊದಲನೆಯದು, ವ್ಯಯವಾದ ಹಣ ಫಲಿಸಿತೇ ಎಂಬ ಪರೀಕ್ಷೆ. ಇದಕ್ಕೆಂದೇ 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವು ಸ್ಥಾಪಿತವಾಯಿತು. ಪರೀಕ್ಷೆಯ ಫಲಿತಾಂಶವು ಮರುವರ್ಷದ ಆಯವ್ಯಯವನ್ನು ತಿದ್ದದಿದ್ದರೆ ಪರೀಕ್ಷೆಯೇ ನಿರರ್ಥಕವೆಂಬುದನ್ನು ಉಪಾಧ್ಯಾಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಸಂವಿಧಾನದ 74ನೆಯ ತಿದ್ದುಪಡಿಯು ಜಿಲ್ಲಾ ಯೋಜನಾ ಸಮಿತಿಗಳಿಗೆ ವಹಿಸಿದ ಕೆಲಸಕ್ಕೆ ಬೆಂಬಲವಾಗುವುದು. ಪಂಚಾಯಿತಿ, ನಗರಸಭೆಗಳು ರೂಪಿಸಿದ ಯೋಜನೆಗಳನ್ನು ಕ್ರೋಡೀಕರಿಸುವುದೇ ಆ ಕೆಲಸ, ಕ್ರೋಡೀಕರಿಸುವುದೆಂದರೆ ಕೂಡಿಸುವುದೇ. ಕಚೇರಿಯು ಈ ಕಾರ್ಯಕ್ಕೆ ನಿಷ್ಠೆಯಿಂದ ತೊಡಗಿದರೆ ತನ್ನ ಹೆಸರಿನ ಮೂಲಾರ್ಥಕ್ಕೆ ಮರಳಿದಂತಾಗುವುದು. ಹಿಂದುಳಿದ ತಾಲ್ಲೂಕಿನ ಬಾಲಕನಿಗೂ ರಾಜಧಾನಿಗೂ ನಡುವಣ ಯೋಜನಗಳು ಆಗ ಕಿರಿದಾದಾವು.